ನೀಲಿ ಹುಡುಗಿಗೆ ಎಷ್ಟು ಜಾಗ?

ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುವ ಕಡೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಮುಖದಲ್ಲಿ ನಗು ಇರಲಿ." ಹೆಜ್ಜೆ ತಪ್ಪಿದರೂ ಸರಿಯೆ, ನಗು ಮಾತ್ರ ಮಾಸಬಾರದು. ಅಂಥ ರಂಗದ ಮೇಲೆ ಅಳುವಿನ ಬೆಲೆ ಹೇಳುವ ಕತೆಯೊಂದನ್ನು ಆಡಿಸಹೊರಟರೆ ಏನಾಗುತ್ತದೆ? ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ, ಮೊಮ್ಮಗಳ ನೃತ್ಯಶಾಲೆಯ ವಾರ್ಷಿಕ ಪ್ರದರ್ಶನ ನೋಡುತ್ತ ನನಗೆ ಎದ್ದ ಪ್ರಶ್ನೆ ಇದು. ಆ ಸಲ ಅವರು ಆರಿಸಿಕೊಂಡದ್ದು 'ಇನ್‌ಸೈಡ್ ಔಟ್' ಎಂಬ ಕಾರ್ಟೂನ್ ಚಿತ್ರವನ್ನು.

ಪೀಟ್ ಡಾಕ್ಟರ್ ನಿರ್ದೇಶಿಸಿ ಪಿಕ್ಸಾರ್ ಸಂಸ್ಥೆ 2015ರಲ್ಲಿ ತೆರೆಗೆ ತಂದ ಚಿತ್ರ ಅದು. ಹನ್ನೊಂದು ವರ್ಷದ ರೈಲಿ ಅಪ್ಪ ಅಮ್ಮನ ಜೊತೆ ಮಿನೆಸೋಟ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಾಳೆ. ಅವಳ ತಲೆಯೊಳಗೆ ಐದು ಮಂದಿ: ಹಳದಿ ಖುಷಿ, ನೀಲಿ ದುಃಖ, ಕೆಂಪು ಕೋಪ, ನೇರಳೆ ಭಯ, ಹಸಿರು ಅಸಹ್ಯ. ಯಜಮಾನಿಕೆ ಖುಷಿಯದು. ಹೊಸ ಶಾಲೆಯ ಮೊದಲ ದಿನ ಅವಳು ನೆಲದ ಮೇಲೆ ಒಂದು ವೃತ್ತ ಬರೆದು, ದುಃಖವನ್ನು ಅದರೊಳಗೆ ನಿಲ್ಲಿಸಿ, ಆಚೆ ಕಾಲಿಡಬೇಡ ಎನ್ನುತ್ತಾಳೆ.

ಭಾವಗಳಿಗೆ ಲೆಕ್ಕ ಇಡುವುದು ನಮಗೆ ಹೊಸದಲ್ಲ. ನಾಟ್ಯಶಾಸ್ತ್ರ ಎಂಟು ಸ್ಥಾಯಿಭಾವಗಳನ್ನು ಹೇಳುತ್ತದೆ. ಶೋಕ, ಕ್ರೋಧ, ಭಯ, ಜುಗುಪ್ಸೆ ನಾಲ್ಕೂ ಅಲ್ಲಿವೆ. ರೌದ್ರಕ್ಕೆ ಅಲ್ಲಿಯೂ ಕೆಂಪು ಬಣ್ಣವೇ. ಆದರೆ ನಮ್ಮಲ್ಲಿ ಒಬ್ಬಳೇ ನರ್ತಕಿಯ ಮುಖದ ಮೇಲೆ ಭಾವಗಳು ಬಂದು ಹೋಗುತ್ತವೆ. ಈ ಚಿತ್ರದಲ್ಲಿ ಒಂದೊಂದು ಭಾವಕ್ಕೂ ಒಂದೊಂದು ದೇಹ. ಐವತ್ತು ಮಕ್ಕಳಿಗೆ ಪಾತ್ರ ಹಂಚಬೇಕಾದ ಶಾಲೆಗೆ ಇದಕ್ಕಿಂತ ಅನುಕೂಲದ ಕತೆ ಸಿಗಲಾರದು.

ಚೆನ್ನಾಗಿದ್ದುದನ್ನು ಮೊದಲು ಹೇಳಬೇಕು. ಕೆಂಪು ಅಂಗಿಯ ದೊಡ್ಡ ಮಕ್ಕಳು ಲೋಹದ ಪಟ್ಟಿಯ ಬೂಟು ತೊಟ್ಟು ನೆಲ ಕುಟ್ಟಿದ ಟ್ಯಾಪ್ ನೃತ್ಯದಲ್ಲಿ ಕೋಪ ನಿಜವಾಗಿ ಸಿಡಿಯಿತು. ನೇರಳೆ ಬಟ್ಟೆಯ ಪುಟಾಣಿಗಳು ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದಾಗ ಭಯಕ್ಕೆ ಅಭಿನಯವೇ ಬೇಕಿರಲಿಲ್ಲ.

ಎಡವಿದ್ದು ದುಃಖದಲ್ಲಿ. ಖುಷಿಗೆ ನಾಲ್ಕು ನೃತ್ಯ, ದುಃಖಕ್ಕೆ ಒಂದು, ಅದೂ ತಮಾಷೆಯದು. ನೀಲಿ ಸ್ವೆಟರಿನ ಹುಡುಗಿ ಬಿದ್ದು ಬಿದ್ದು ಎದ್ದಳು, ಸಭೆ ನಕ್ಕಿತು. ವೃತ್ತದ ಪ್ರಸಂಗ ಇರಲೇ ಇಲ್ಲ. ಚಿತ್ರದಲ್ಲಿ ಬಿಂಗ್ ಬಾಂಗ್ ಎಂಬ ಬಾಲ್ಯದ ಕಲ್ಪನೆಯ ಗೆಳೆಯ ತನ್ನ ಆಟದ ಬಂಡಿ ಕಳೆದುಕೊಂಡು ಕುಸಿದು ಕೂರುತ್ತಾನೆ. ಖುಷಿ ಕಚಗುಳಿ ಇಟ್ಟರೂ ಅವನು ಏಳುವುದಿಲ್ಲ. ದುಃಖ ಬಂದು ಪಕ್ಕದಲ್ಲಿ ಕೂತು ಅವನ ಮಾತು ಕೇಳುತ್ತಾಳೆ. ಅವನು ಅತ್ತು, ಆಮೇಲೆ ಏಳುತ್ತಾನೆ. ರಂಗಕ್ಕೆ ಹೇಳಿ ಮಾಡಿಸಿದ ಘಟ್ಟ. ಇಬ್ಬರು ಕದಲದೆ ಕೂರಬೇಕು, ಅಷ್ಟೆ. ಕುಣಿತದ ನಡುವೆ ಅರೆ ನಿಮಿಷದ ನಿಶ್ಚಲತೆಗೆ ಎಂಥ ಶಕ್ತಿ ಇದೆ ಎಂದು ಅಭಿನಯ ಬಲ್ಲವರಿಗೆ ಗೊತ್ತು. ಇಲ್ಲಿ ಬಿಂಗ್ ಬಾಂಗ್ ಮಿಠಾಯಿ ಎರಚುವ ವಿದೂಷಕನಾಗಿ ಬಂದು ಹೋದ.

ಕೊನೆಯನ್ನಂತೂ ತಿದ್ದಿಯೇಬಿಟ್ಟಿದ್ದರು. ಮನೆ ಬಿಟ್ಟು ಹೊರಟ ರೈಲಿ ಮರಳಿ ಬಂದು, ಹಳೆಯ ಊರು ನೆನಪಾಗುತ್ತಿದೆ ಎಂದು ಅಪ್ಪ ಅಮ್ಮನೆದುರು ಅಳುವುದೇ ಚಿತ್ರದ ಜೀವ. ರಂಗದ ಮೇಲೆ ಅವಳು ಅಳಲೇ ಇಲ್ಲ. ಎಲ್ಲರೂ ಸೇರಿ ಮಿರುಗುವ ಬಟ್ಟೆಯಲ್ಲಿ ಕುಣಿದರು. ಖುಷಿಯ ತಲೆಗೆ ಹಳದಿ ವಿಗ್ಗು ಹಾಕಿದ್ದರು. ಚಿತ್ರದಲ್ಲಿ ಅವಳ ಕೂದಲು ನೀಲಿ!

ಮಕ್ಕಳ ಆಟಕ್ಕೆ ಇಷ್ಟು ಹುಳುಕು ಹುಡುಕಬೇಕೆ ಎನ್ನಬಹುದು. ಆದರೆ ಅದೇ ಚಿತ್ರದಲ್ಲಿ ಅಮ್ಮ ಮಗಳಿಗೆ, ಅಪ್ಪನಿಗೆ ತುಂಬ ಒತ್ತಡವಿದೆ, ನಾವಿಬ್ಬರೂ ನಗುತ್ತಾ ಇದ್ದರೆ ಒಳ್ಳೆಯದು ಎನ್ನುತ್ತಾಳೆ. ರೈಲಿಯ ಕಷ್ಟಕ್ಕೆ ಆ ಪ್ರೀತಿಯ ಮಾತೂ ಸೇರಿಕೊಳ್ಳುತ್ತದೆ. ತವರು ಬಿಟ್ಟು ಇನ್ನೊಂದೂರಿನ ಮನೆ ಹೊಕ್ಕ ನಮ್ಮಲ್ಲಿ ಎಷ್ಟು ಜನ ಈ ಮಾತು ಕೇಳಿಲ್ಲ? ಹಿತ್ತಲಿನಲ್ಲಿ ಅತ್ತು, ಮುಖ ತೊಳೆದು, ನಗುತ್ತ ಕಾಫಿ ಕೊಟ್ಟವರು ನಾವು. ಆ ಮಾತನ್ನು ಅನುಮಾನಿಸುವ ಕತೆಯೂ ಹುಡುಗಿಯರ ಕೈಗೆ ಬರುವಷ್ಟರಲ್ಲಿ 'ನಗು ಇರಲಿ' ಎಂಬ ಪಾಠವೇ ಆಗಿಬಿಟ್ಟರೆ ಅದು ಸಣ್ಣ ತಪ್ಪಲ್ಲ.

ಆತಂಕ, ಅಸೂಯೆ, ಮುಜುಗರಗಳನ್ನೂ ಸೇರಿಸಿಕೊಂಡ ಎರಡನೆಯ ಚಿತ್ರ 2024ರಲ್ಲಿ ಬಂದಿದೆ. ಅದನ್ನೂ ಯಾರಾದರೂ ರಂಗಕ್ಕೆ ತಂದೇ ತರುತ್ತಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೆ: ಬಟ್ಟೆಯ ಬಣ್ಣ ಹೇಗಾದರೂ ಇರಲಿ, ಅಳಬೇಕಾದ ಕಡೆ ಹುಡುಗಿಯನ್ನು ಅಳಲು ಬಿಡಿ.