ಬೊಮ್ಮಿಡಿಯ ಕ್ಯೂ

ಸೇಲಂ ಜಂಕ್ಷನ್ನಿನಲ್ಲಿ ರೈಲು ತಡವಾದರೆ ನನಗೆ ಬೇಸರವಾಗುವುದಿಲ್ಲ. ಮೊಬೈಲಿನಲ್ಲಿ ಟಿಕೆಟ್ ಆ್ಯಪ್ ತೆರೆದು ನಿಲ್ದಾಣಗಳ ಪಟ್ಟಿ ಓದುತ್ತ ಕೂರುತ್ತೇನೆ. ನನ್ನ ಕಣ್ಣು ಊರ ಹೆಸರಿನ ಮೇಲಲ್ಲ, ಪಕ್ಕದಲ್ಲಿರುವ ಪುಟ್ಟ ಸಂಕೇತದ ಮೇಲೆ.

'ಸೇಲಂ' ಎಂದು ಒತ್ತಿದರೆ ಮೂರು ಸಾಲು. ಜಂಕ್ಷನ್ನಿಗೆ ಎಸ್‌ಎ, ಟೌನಿಗೆ ಎಸ್‌ಎಕ್ಸ್‌ಟಿ, ಮಾರ್ಕೆಟ್ಟಿಗೆ ಎಸ್‌ಎಎಂಟಿ. ಹಿರಿಯನಿಗೆ ಎರಡೇ ಅಕ್ಷರ ಸಾಕು. ಎಚ್‌ಎಸ್‌ಆರ್ ಹರಿಯಾಣದ ಹಿಸಾರ್‌ಗೆ ಸಂದಿದೆ. ನಮ್ಮ ಹೊಸೂರು ಕೊನೆಗೊಂದು 'ಎ' ಸೇರಿಸಿಕೊಂಡು ಎಚ್‌ಎಸ್‌ಆರ್‌ಎ. ಟಿಪಿಟಿ ಎಂದರೆ ತಿರುಪತಿ ಅಂದುಕೊಂಡೀರಿ, ಜೋಕೆ! ಅದು ತಿರುಪತ್ತೂರು. ತಿರುಪತಿ ಟಿಪಿಟಿವೈ. ಬಾಲದ 'ವೈ' ಮರೆತರೆ ತಿಮ್ಮಪ್ಪನ ದರ್ಶನಕ್ಕೆ ಹೊರಟವರು ಜೋಲಾರಪೇಟೆಯ ಮಗ್ಗುಲಲ್ಲೇ ಇಳಿಯಬೇಕಾದೀತು.

ನನಗೆ ಎಲ್ಲಕ್ಕಿಂತ ಮುದ್ದು ಧರ್ಮಪುರಿ ಜಿಲ್ಲೆಯ ಬೊಮ್ಮಿಡಿ: ಬಿಕ್ಯೂಐ. ಹೆಸರಿನಲ್ಲಿ ಎಲ್ಲೂ ಇಲ್ಲದ 'ಕ್ಯೂ' ನಟ್ಟನಡುವೆ ಕೂತಿದೆ, ಕೂಸಿನ ಕೆನ್ನೆಗಿಟ್ಟ ದೃಷ್ಟಿಬೊಟ್ಟಿನ ಹಾಗೆ. ಕಾಸರಗೋಡಿಗೂ (ಕೆಜಿಕ್ಯೂ) ಮಂಗಳೂರು ಸೆಂಟ್ರಲ್‌ಗೂ (ಎಂಎಕ್ಯೂ) ಅದೇ ಬೊಟ್ಟು.

ಪರದೆಯ ಮೇಲೆ ಪಟ್ಟಿ ಮೂಡಿಸುವುದೇ ನನ್ನ ಹೊಟ್ಟೆಪಾಡು. ಪ್ರತಿ ಸಾಲಿಗೂ ಎರಡು ಹೆಸರು ಬೇಕು, ಒಂದು ಓದುವವರ ಕಣ್ಣಿಗೆ, ಇನ್ನೊಂದು ಯಂತ್ರಕ್ಕೆ. ಎಳೆಯ ಪ್ರೋಗ್ರಾಮರುಗಳು ಸಾಲಿನ ಸಂಖ್ಯೆಯನ್ನೇ ಗುರುತಾಗಿಸುತ್ತಾರೆ. ಯಾರೋ ಪಟ್ಟಿಯನ್ನು ಅಕಾರಾದಿಗೆ ತಿರುಗಿಸುತ್ತಾರೆ, ಐದನೆಯವರು ಒಂಬತ್ತಕ್ಕೆ ಜಾರುತ್ತಾರೆ, ಅವರ ಹೆಸರಿಗೆ ಹಾಕಿದ್ದ ಟಿಕ್ ಮಾತ್ರ ಐದರಲ್ಲೇ ಉಳಿದು ಇನ್ನಾರದೋ ತಲೆಗೆ ಬೀಳುತ್ತದೆ. ಯಂತ್ರವೇ ಹುಟ್ಟಿಸಿಕೊಡುವ ಯುಯುಐಡಿ ಎಂಬ ಉದ್ದನೆಯ ಗುರುತು ಬಳಸಿದರೆ ಈ ಗೋಳಿಲ್ಲ. ಅಡ್ಡಗೆರೆಯೂ ಸೇರಿ 36 ಚಿಹ್ನೆ, ಒಂದರಂತೆ ಇನ್ನೊಂದು ಹುಟ್ಟುವುದಿಲ್ಲವೆಂದೇ ನಂಬಬಹುದು. ಆದರೆ ಉಪ್ಪಿಲ್ಲದ ಅನ್ನ. ಓದಿದರೆ ಯಾವ ಊರೂ ನೆನಪಾಗದು.

ಗುರುತು ಕದಲಬಾರದೆಂಬ ಪಾಠವನ್ನು ನಾನು ಕಂಪ್ಯೂಟರಿನಿಂದ ಕಲಿಯಲಿಲ್ಲ. ಸೇಲಂನ ನಮ್ಮ ದೇವಾಂಗರ ಬೀದಿಯಲ್ಲಿ ತಾತನ ಹೆಸರನ್ನೇ ಮೊಮ್ಮಕ್ಕಳಿಗೆಲ್ಲ ಇಡುತ್ತಿದ್ದರು. ಒಂದೇ ಮಗ್ಗದ ಮನೆಯಲ್ಲಿ ಮೂವರು ರಾಮಲಿಂಗ. ಅಜ್ಜಿ ಅವರನ್ನು ಬೇರ್ಪಡಿಸಿದ್ದಳು: ಮೂಲೆಮನೆಯವ, ಕೆಂಪ, ಕುಳ್ಳ. ಕುಳ್ಳ ಆಮೇಲೆ ಆರಡಿ ಬೆಳೆದ. "ಇನ್ನಾದ್ರೂ ಹೆಸರು ಬದಲಿಸಜ್ಜೀ" ಎಂದರೆ, "ಬದಲಿಸಿದ್ರೆ ಯಾರನ್ನ ಕರೆದೆ ಅಂತ ನಿಂಗೆ ಹೆಂಗೆ ಗೊತ್ತಾಗತ್ತೋ?" ಎಂದಳು. ಅವನು ಇವತ್ತಿಗೂ ಕುಳ್ಳನೇ.

ಒಳ್ಳೆಯ ಗುರುತಿಗೆ ಹೆಸರಿನ ನೆರಳಿರಬೇಕು, ಹೆಸರಿನ ಹಂಗಿರಬಾರದು. ಮೊಘಲ್‌ಸರಾಯ್ ನಿಲ್ದಾಣ 2018ರಲ್ಲಿ ದೀನದಯಾಳ್ ಉಪಾಧ್ಯಾಯ ಜಂಕ್ಷನ್ ಆದಾಗ ಎಂಜಿಎಸ್ ಹೋಗಿ ಡಿಡಿಯು ಬಂತು. ಹೆಸರು ಬದಲಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ಸಂಕೇತ ಮುಟ್ಟಿದ್ದು ಮಾತ್ರ ರಸಭಂಗ.

2014ರ ನವೆಂಬರ್ 1ರಂದು ಬ್ಯಾಂಗಲೋರ್ ಬೆಂಗಳೂರಾಯಿತು. ಮುಂದೆ ಸಿಟಿ ನಿಲ್ದಾಣ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಪಡೆಯಿತು. ಸೇಲಂನಿಂದ ಅಲ್ಲಿಗೆ ತೆಗೆದ ನನ್ನ ಟಿಕೆಟ್ಟಿನ ಮೇಲೆ ಈಗಲೂ ಎಸ್‌ಬಿಸಿ ಎಂದೇ ಇದೆ.