ಸಬೋನಿಸ್ ಮತ್ತು ‘ಒಂದು ವೇಳೆ’ಯ ವಿಮರ್ಶಕರು

ಅರ್ವಿದಾಸ್ ಸಬೋನಿಸ್ ಹೆಸರು ಬಂತೆಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಬರಹಗಾರರು ಒಂದು ನಿಟ್ಟುಸಿರು ಬಿಡದೆ ಮುಂದೆ ಹೋಗುವುದಿಲ್ಲ. ಅಕಿಲಿಸ್ ಸ್ನಾಯು ಹರಿಯದೇ ಇದ್ದಿದ್ದರೆ, ಸೋವಿಯತ್ ಸರ್ಕಾರ ಕಳಿಸಿಕೊಟ್ಟಿದ್ದರೆ, ಅಮೆರಿಕದ ಎನ್‌ಬಿಎ ಲೀಗಿನ ಪೋರ್ಟ್‌ಲ್ಯಾಂಡ್ ತಂಡ ಆಟಗಾರರ ಆಯ್ಕೆಯಲ್ಲಿ ಹೆಸರು ಕೂಗಿದ 1986ರಲ್ಲೇ ವಿಮಾನ ಹತ್ತಿದ್ದಿದ್ದರೆ... ಅತ್ತೆಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನಬಹುದಿತ್ತು ಎಂಬ ಗಾದೆಯ ಜಾತಿಗೆ ಸೇರಿದ ಈ ಮಾತುಗಳು ಕಿವಿಗೆ ಹೊಗಳಿಕೆಯಂತೆ ಕೇಳುತ್ತವೆ. ಒಳಗಿನ ತೀರ್ಮಾನ ಬೇರೆಯೇ ಇದೆ: ಈತ ಆಡಬೇಕಾಗಿದ್ದ ಆಟವನ್ನು ಆಡಲೇ ಇಲ್ಲ, ಆಡಿದ್ದು ಲೆಕ್ಕಕ್ಕಿಲ್ಲ.

ಆಡಿದ್ದೇನು ಕಡಿಮೆಯೆ? ಹದಿನೇಳನೇ ವಯಸ್ಸಿಗೆ 1982ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಸೋವಿಯತ್ ತಂಡದಲ್ಲಿದ್ದ. 1985ರಿಂದ 87ರವರೆಗೆ, ಮೂರು ವರ್ಷ ಸತತವಾಗಿ, ಅವನು ಆಡುತ್ತಿದ್ದ, ಕೌನಾಸ್ ಎಂಬ ಲಿಥುವೇನಿಯಾದ ಊರಿನ ಝಲ್ಗಿರಿಸ್ ಕ್ಲಬ್ ಸೋವಿಯತ್ ಲೀಗ್ ಗೆದ್ದಿತು. ಅದೂ ಸೇನೆಯ ಬಲವಿದ್ದ ಮಾಸ್ಕೋದ ಸಿಎಸ್‌ಕೆಎ ತಂಡವನ್ನು ಹಿಂದಿಕ್ಕಿ. 1988ರಲ್ಲಿ ಸೋಲ್ ಒಲಿಂಪಿಕ್ ಚಿನ್ನ. 1995ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಯುರೋಪಿನ ಕ್ಲಬ್ ಕಿರೀಟ, ಆ ಅಂತಿಮ ಸುತ್ತಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಇವನಿಗೇ. ಇಷ್ಟೆಲ್ಲ ಆದ ಮೇಲೆ, ಮೂವತ್ತು ದಾಟುವ ಹೊತ್ತಿಗೆ ಎನ್‌ಬಿಎ. ಅಮೆರಿಕದವರ ಎಣಿಕೆ ಶುರುವಾಗುವುದೇ ಅಲ್ಲಿಂದ.

2021ರಲ್ಲಿ ಎನ್‌ಬಿಎ ತನ್ನ 75 ವರ್ಷದ ಸಂಭ್ರಮಕ್ಕೆ ಶ್ರೇಷ್ಠರ ಪಟ್ಟಿ ಹೊರಡಿಸಿತು. ಮತಗಳು ಸಮವಾಗಿ 76 ಹೆಸರುಗಳಾದವು. ಸಬೋನಿಸ್ ಇರಲಿಲ್ಲ, ಅದು ಲೀಗಿನ ಪಟ್ಟಿ, ಇರಬೇಕಾಗಿಯೂ ಇರಲಿಲ್ಲ. ತಕರಾರು ಇರುವುದು ಅದೇ ಪಟ್ಟಿಯನ್ನು ಜಗತ್ತಿನ ಬ್ಯಾಸ್ಕೆಟ್‌ಬಾಲ್ ಶ್ರೇಷ್ಠತೆಯ ಪಟ್ಟಿ ಎಂಬಂತೆ ಓದುವವರ ಮೇಲೆ. ಅಂಥ ಓದಿನಲ್ಲಿ ಸಬೋನಿಸ್ ಎಂದರೆ ಪಂದ್ಯವೊಂದಕ್ಕೆ ಸರಾಸರಿ 12 ಅಂಕ, 7.3 ರಿಬೌಂಡ್, 2.1 ಅಸಿಸ್ಟ್. ಜೊತೆಗೊಂದು ಕತೆ: ಕಾಲಿನ ಎಕ್ಸ್‌ರೇ ನೋಡಿದ ತಂಡದ ವೈದ್ಯರು, ಈತನಿಗೆ ಅಂಗವಿಕಲರ ಪಾರ್ಕಿಂಗ್ ಜಾಗ ಕೊಡಬಹುದು ಎಂದರಂತೆ. ಸಬೋನಿಸ್ ಬಗ್ಗೆ ಬಂದ ಲೇಖನಗಳಲ್ಲಿ ಈ ಎಕ್ಸ್‌ರೇ ಕಾಣಿಸಿಕೊಳ್ಳುವಷ್ಟು ಸಲ ಅವನ ಪಾಸ್ ಕಾಣಿಸುವುದಿಲ್ಲ.

ಆ ಪಾಸನ್ನೇ ನೋಡಬೇಕು. ಹಳೆಯ ದೃಶ್ಯಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ, ಹೆಚ್ಚುಕಡಿಮೆ ಒಂದೇ ಜಾಗದಿಂದ. ಸಬೋನಿಸ್ ಫ್ರೀ ಥ್ರೋ ಗೆರೆಯ ಹತ್ತಿರ, ಬುಟ್ಟಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಚೆಂಡು ಕೈಗೆ ಬಂದ ಕೂಡಲೇ ಅದನ್ನು ತಲೆಯ ಮೇಲಕ್ಕೆ ಎತ್ತುತ್ತಾನೆ, ಎಷ್ಟೋ ಸಲ ಒಂದೇ ಕೈಯಲ್ಲಿ. 221 ಸೆಂಟಿಮೀಟರ್ ಎತ್ತರದ ಮನುಷ್ಯ ಎತ್ತಿ ಹಿಡಿದ ಚೆಂಡಿಗೆ ಯಾರ ಕೈಯೂ ನಿಲುಕದು. ಇಲ್ಲಿಯವರೆಗೂ ಏನೂ ನಡೆದಿಲ್ಲ, ನಿಂತಿದ್ದಾನೆ ಅಷ್ಟೆ. ನಡೆಯುವುದೆಲ್ಲ ಸುತ್ತಲಿನವರಿಂದ. ಹೊರಗಿನ ಗಾರ್ಡ್ ಚೆಂಡಿನ ಕಡೆಗೆ ಎರಡು ಹೆಜ್ಜೆ ಬರುತ್ತಾನೆ. ಅವನನ್ನು ಕಾಯುತ್ತಿರುವವನು ಚೆಂಡು ಕಸಿಯುವ ಆಸೆಗೆ ಮುಂದೆ ಬಾಗುತ್ತಾನೆ. ಆ ಬಾಗುವಿಕೆಗೇ ಕಾಯುತ್ತಿದ್ದ ಗಾರ್ಡ್ ತಟ್ಟನೆ ಅವನ ಬೆನ್ನ ಹಿಂದಿನಿಂದ ಬುಟ್ಟಿಯತ್ತ ನುಗ್ಗುತ್ತಾನೆ. ಅಷ್ಟರಲ್ಲಿ ಸಬೋನಿಸ್‌ನ ಮಣಿಕಟ್ಟು ತಿರುಗಿ, ಚೆಂಡು ಅವನ ಹೆಗಲ ಮೇಲಿಂದ ಹಿಂದಕ್ಕೆ ಹೋಗಿರುತ್ತದೆ. ತಲೆ ತಿರುಗಿಸಿರುವುದಿಲ್ಲ.

ಇದರಲ್ಲಿ ಚಮತ್ಕಾರವೆಂದು ಎಲ್ಲರೂ ತೋರಿಸುವುದು ನೋಡದೆ ಕೊಡುವ ಭಾಗವನ್ನು. ಅದು ಕಡಿಮೆ ಮುಖ್ಯದ್ದು. ನೋಡದೆ ಪಾಸ್ ಕೊಡುವವರು ಅಮೆರಿಕದ ಬೀದಿ ಬೀದಿಯಲ್ಲಿದ್ದಾರೆ. ಮುಖ್ಯವಾದದ್ದು ಚೆಂಡು ಹಿಡಿದು ಸುಮ್ಮನೆ ನಿಲ್ಲುವ ಆ ಒಂದೆರಡು ಸೆಕೆಂಡು. ಎತ್ತರದವನನ್ನು ಕಾಯುವವನು ಹಿಂದೆ ಸರಿದರೆ ಸಬೋನಿಸ್ ಅಲ್ಲಿಂದಲೇ ಶೂಟ್ ಮಾಡುತ್ತಾನೆ, ಮೂರು ಅಂಕದ ಗೆರೆಯಾಚೆಯಿಂದಲೂ ಮಾಡಬಲ್ಲ. ಮೈಗೆ ಅಂಟಿ ನಿಂತರೆ ಬುಟ್ಟಿಯ ಕೆಳಗೆ ಕಾವಲೇ ಇಲ್ಲ. ನಿಂತಲ್ಲೇ ನಿಂತು ಐವರು ಎದುರಾಳಿಗಳನ್ನೂ ಇಕ್ಕಟ್ಟಿಗೆ ಸಿಲುಕಿಸುವ ಈ ತಂತ್ರಕ್ಕೆ ಓಟ ಬೇಡ, ನೆಗೆತ ಬೇಡ. ಕಾಲು ಕೆಟ್ಟ ಮೇಲೂ ಪೋರ್ಟ್‌ಲ್ಯಾಂಡ್‌ನಲ್ಲಿ ಅವನು ಆಡಲು ಸಾಧ್ಯವಾದದ್ದು ಹೀಗೆ. ‘ಗಾಯ ಅವನ ಆಟವನ್ನು ನುಂಗಿತು’ ಎನ್ನುವವರು ಗಾಯ ಮುಟ್ಟದೇ ಬಿಟ್ಟ ಭಾಗವನ್ನು ನೋಡುವ ಗೋಜಿಗೇ ಹೋಗಿಲ್ಲ.

ಈ ಆಟ ಯುರೋಪಿನಲ್ಲಿ ಬೆಳೆದದ್ದಕ್ಕೆ ಅಲ್ಲಿಯ ನೀರು, ಗಾಳಿ, ರಕ್ತ ಕಾರಣವಲ್ಲ, ನಿಯಮಪುಸ್ತಕ ಕಾರಣ. ಅಂತರರಾಷ್ಟ್ರೀಯ ಒಕ್ಕೂಟ ಫೀಬಾದ ಅಂಕಣದಲ್ಲಿ ಬುಟ್ಟಿಯ ಮುಂದಿನ ಮೂರು ಸೆಕೆಂಡಿನ ಪ್ರದೇಶ 2010ರವರೆಗೂ ತ್ರಾಪಿಜ್ಯದ ಆಕಾರದಲ್ಲಿತ್ತು: ಮೇಲೆ 3.6 ಮೀಟರ್, ಬುಟ್ಟಿಯ ಬುಡದಲ್ಲಿ 6 ಮೀಟರ್. ಎನ್‌ಬಿಎಯಲ್ಲಿ ಅದು ನೇರ ಆಯತ, 4.9 ಮೀಟರ್ ಅಗಲ. ಬುಡ ಅಗಲವಾದಷ್ಟೂ ಬುಟ್ಟಿಯ ಪಕ್ಕದಲ್ಲಿ ಬೇರೂರಿ ಎದುರಾಳಿಯನ್ನು ಬೆನ್ನಿನಿಂದ ತಳ್ಳಿ ಅಂಕ ಗಳಿಸುವುದು ಕಷ್ಟ. ಪ್ರದೇಶ ಕಿರಿದಾಗುವ ಮೇಲ್ತುದಿಗೆ, ಅಂದರೆ ಫ್ರೀ ಥ್ರೋ ಗೆರೆಗೆ, ಎತ್ತರದವನು ಬಂದು ನಿಲ್ಲುವುದು ಲಾಭ. ಶೂಟ್ ಮಾಡಲು ಫೀಬಾದಲ್ಲಿ 2000ದವರೆಗೂ 30 ಸೆಕೆಂಡು ಸಿಗುತ್ತಿತ್ತು, ಎನ್‌ಬಿಎಯಲ್ಲಿ 1954ರಿಂದಲೂ 24. ಆ ಆರು ಸೆಕೆಂಡಿನಲ್ಲಿ ಎರಡು ಪಾಸ್ ಹೆಚ್ಚು ಹಿಡಿಸುತ್ತವೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಜೋನ್ ಡಿಫೆನ್ಸ್. ಆಟಗಾರನನ್ನು ಬಿಟ್ಟು ಜಾಗವನ್ನು ಕಾಯುವ ಈ ಪದ್ಧತಿಗೆ ಎನ್‌ಬಿಎ 2001-02ರ ಋತುವಿನವರೆಗೂ ಅವಕಾಶ ಕೊಟ್ಟಿರಲಿಲ್ಲ. ನಾಲ್ವರು ಒಂದು ಬದಿಗೆ ಸರಿದು ನಿಂತರೆ ಕಾವಲುಗಾರರೂ ಅವರ ಹಿಂದೆ ಹೋಗಲೇಬೇಕಿತ್ತು. ಉಳಿದ ಅರ್ಧ ಅಂಕಣದಲ್ಲಿ ಒಬ್ಬನಿಗೊಬ್ಬ. ತೊಂಬತ್ತರ ದಶಕದ ಅಮೆರಿಕದ ವೀರಗಾಥೆಗಳಲ್ಲಿ ಹಲವು ಈ ನಿಯಮದ ಮಕ್ಕಳು.

ಯುರೋಪಿನದು ತಂಡದ ಆಟ, ಅಮೆರಿಕದ್ದು ಅಹಂಕಾರದ ಆಟ ಎಂದು ಹಾಡುವ ಇನ್ನೊಂದು ಪಂಗಡದ ವಿಮರ್ಶಕರೂ ಇದ್ದಾರೆ. ಇವರನ್ನೂ ದೂರ ಇಡುವುದು ಒಳ್ಳೆಯದು. ಎಂಬತ್ತರ ದಶಕದ ಯುರೋಪಿನಲ್ಲಿ ಡ್ರಾಜೆನ್ ಪೆಟ್ರೋವಿಚ್‌ಗಿಂತ ಚೆಂಡಿನ ಹಸಿವಿದ್ದವನು ಯಾರಿದ್ದ? ಅತ್ತ ಅಮೆರಿಕದಲ್ಲಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತರಬೇತುದಾರ ಪೀಟ್ ಕ್ಯಾರಿಲ್ ಸೆಂಟರನನ್ನು, ಅಂದರೆ ತಂಡದ ಎತ್ತರದವನನ್ನು, ಫ್ರೀ ಥ್ರೋ ಗೆರೆಗೆ ತಂದು ನಿಲ್ಲಿಸಿ ಬೆನ್ನ ಹಿಂದಿನ ನುಗ್ಗುವಿಕೆಯನ್ನೇ ಒಂದು ಪಂಥ ಮಾಡಿಟ್ಟಿದ್ದ. ಅವನೇ ಮುಂದೆ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಸಹಾಯಕನಾಗಿ ಹೋದ. ಅಲ್ಲಿ ಆ ಗೆರೆಯಲ್ಲಿ ನಿಂತವನು ಸರ್ಬಿಯಾದ ವ್ಲಾಡೆ ಡಿವಾಚ್. 1977ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಪ್ರಶಸ್ತಿ ತಂದ ಬಿಲ್ ವಾಲ್ಟನ್ ಕೂಡ ಪಾಸ್ ಕೊಡುವ ಸೆಂಟರನೇ.

ವಾಲ್ಟನ್ ಹೆಸರು ಬಂದ ಮೇಲೆ ಅವನ ಪ್ರಸಿದ್ಧ ಮಾತನ್ನು ಬಿಡುವಂತಿಲ್ಲ. ಏಳು ಅಡಿ ಮೂರು ಅಂಗುಲದ ಲ್ಯಾರಿ ಬರ್ಡ್ ಎಂದು ಅವನು ಸಬೋನಿಸ್‌ನನ್ನು ಕರೆದ. ಒಳ್ಳೆಯ ಮನಸ್ಸಿನ ಮಾತು, ಸಂಶಯವಿಲ್ಲ. ಆದರೂ ಈ ಹೋಲಿಕೆಯಿಂದ ಆದ ನಷ್ಟ ಸಣ್ಣದಲ್ಲ. ಬರ್ಡ್ ಫಾರ್ವರ್ಡ್ ಜಾಗದಲ್ಲಿ ಆಡಿದವನು, ಓಡುತ್ತ ಪಾಸ್ ಕೊಡುತ್ತಿದ್ದವನು, ಬಾಸ್ಟನ್ನಿನ ವೇಗಕ್ಕೆ ಒಗ್ಗಿದವನು. ಸಬೋನಿಸ್ ತಂಡದ ಕಂಬದಂತೆ ನಿಂತು ಉಳಿದವರನ್ನು ಓಡಿಸುತ್ತಿದ್ದವನು. ಹೋಲಿಸಲೇಬೇಕಿದ್ದರೆ ವಾಲ್ಟನ್ ತನ್ನನ್ನೇ ಹೋಲಿಸಿಕೊಳ್ಳಬಹುದಿತ್ತು, ಅದು ಸತ್ಯಕ್ಕೆ ಹತ್ತಿರವಾಗುತ್ತಿತ್ತು. ವಿನಯ ಅಡ್ಡ ಬಂತೇನೋ. ಅಂದಿನಿಂದ ಬರೆಯುವವರೆಲ್ಲ ಆ ಉಪಮೆಯನ್ನು ಎತ್ತಿಕೊಂಡು, ಸಬೋನಿಸ್‌ನ ಆಟ ಏನೆಂದು ಹೇಳುವ ಕೆಲಸದಿಂದ ಪಾರಾದರು.

ಆಟ ಏನೆಂದು ನೋಡಬೇಕಾದವರು 1986ರ ಮ್ಯಾಡ್ರಿಡ್‌ಗೆ ಹೋಗಬೇಕು. ವಿಶ್ವ ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್, ಎದುರಿಗೆ ಯುಗೊಸ್ಲಾವಿಯ. ಇನ್ನೊಂದು ನಿಮಿಷವೂ ಉಳಿದಿಲ್ಲ, ಸೋವಿಯತ್ ತಂಡ 76-85ರಿಂದ ಹಿಂದಿದೆ. ಮೂರು ಅಂಕದ ಗೆರೆ ಫೀಬಾ ಆಟಕ್ಕೆ ಬಂದು ಎರಡೇ ವರ್ಷವಾಗಿತ್ತು. ಸೆಂಟರ್ ಜಾಗದವನು ಅಲ್ಲಿಂದ ಎಸೆಯುವುದು ಆಗ ಉದ್ಧಟತನ. ಮೊದಲ ಮೂರು ಅಂಕ ಎಸೆದವನು ಸಬೋನಿಸ್. ಹಿಂದೆಯೇ ಸಹ ಆಟಗಾರ ಟಿಖೊನೆಂಕೊ. ಆಮೇಲೆ ಯುಗೊಸ್ಲಾವಿಯದ ಪರ ಆಡುತ್ತಿದ್ದ ಹದಿನೆಂಟರ ಹುಡುಗ ಡಿವಾಚ್ ಗಾಬರಿಯಲ್ಲಿ ಡಬಲ್ ಡ್ರಿಬಲ್ ಮಾಡಿ ಚೆಂಡು ಬಿಟ್ಟುಕೊಟ್ಟ, ಸೋವಿಯತ್ ತಂಡದ ವಾಲ್ಟರ್ಸ್ ಮೂರನೆಯದನ್ನು ಹಾಕಿದ. 85-85. ಹೆಚ್ಚುವರಿ ಅವಧಿಯಲ್ಲಿ ಸೋವಿಯತ್ ತಂಡ 91-90ರಿಂದ ಗೆದ್ದಿತು. ಫೈನಲ್‌ನಲ್ಲಿ ಅಮೆರಿಕ 87-85ರಿಂದ ಅವರನ್ನು ಸೋಲಿಸಿತು, ಅದೂ ನಿಜ. ಗಮನಿಸಬೇಕಾದದ್ದು ಆ ಮೊದಲ ಎಸೆತ. ಎತ್ತರದವನು ಬುಟ್ಟಿಯ ಬುಡ ಬಿಟ್ಟು ಹೊರಗೆ ನಿಂತರೆ ಏನೇನು ಸಾಧ್ಯ ಎಂಬುದನ್ನು ಆ ಒಂದು ನಿಮಿಷ ತೋರಿಸಿತು. ಎನ್‌ಬಿಎ ಆ ಪಾಠವನ್ನು ಪೂರ್ತಿ ಒಪ್ಪಿಕೊಳ್ಳಲು ಮುಂದಿನ ಶತಮಾನ ಬರಬೇಕಾಯಿತು.

ಸೋಲ್ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ಗಾಯದ ಕಾಲಿಗೆ ಪೋರ್ಟ್‌ಲ್ಯಾಂಡ್‌ನಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಬಂದವನು ಸೆಮಿಫೈನಲ್‌ನಲ್ಲಿ ಡೇವಿಡ್ ರಾಬಿನ್‌ಸನ್ ಎದುರು ನಿಂತ, ಅಮೆರಿಕ 76-82ರಿಂದ ಸೋತಿತು. ವೃತ್ತಿಪರರಿಗೆ ಒಲಿಂಪಿಕ್ಸ್ ಬಾಗಿಲು ತೆರೆಯುವ ನಿರ್ಧಾರ ಮರುವರ್ಷವೇ ಬಂತು, ಅದರ ಹಿಂದೆಯೇ 1992ರ ‘ಡ್ರೀಮ್ ಟೀಮ್’. ಜಗತ್ತಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದ ಕೀರ್ತಿಯನ್ನು ಆ ತಂಡಕ್ಕೆ ಕಟ್ಟುವುದು ಈಗ ರೂಢಿ. ಸರಾಸರಿ 44 ಅಂಕಗಳ ಅಂತರದಿಂದ ಗೆಲ್ಲುವುದು ನೋಡಲು ಚಂದ. ಆದರೆ ಆ ಒಲಿಂಪಿಕ್ಸ್ ನಡೆದ ಬಾರ್ಸಿಲೋನಾಕ್ಕೆ ಮುಂಚೆಯೇ ಕೌನಾಸ್, ಬೆಲ್‌ಗ್ರೇಡ್, ಝಾಗ್ರೆಬ್‌ಗಳಲ್ಲಿ ಶಾಲೆ ತೆರೆದಾಗಿತ್ತು.

ದೋಷಗಳೂ ಇದ್ದವು, ಹೇಳಿಬಿಡುವುದು ನ್ಯಾಯ. 1986ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಪೆಟ್ರೋವಿಚ್‌ನ ಚಿಬೋನಾ ತಂಡದ ಮೇಲೆ ಜಗಳಕ್ಕೆ ಇಳಿದು ಹೊರಗೆ ಹೋದ, ಝಲ್ಗಿರಿಸ್ ಸೋತಿತು. ಪೋರ್ಟ್‌ಲ್ಯಾಂಡ್ ದಿನಗಳಲ್ಲಿ ಹಿಂದಕ್ಕೆ ಓಡಿ ಕಾವಲಿಗೆ ನಿಲ್ಲುವುದು ಅವನಿಂದ ಆಗುತ್ತಿರಲಿಲ್ಲ, ಚುರುಕಾದ ಗಾರ್ಡ್‌ಗಳು ಅವನನ್ನು ಹೊರಗೆ ಎಳೆದು ಆಟವಾಡಿಸುತ್ತಿದ್ದರು. ಇವು ನಿಜ, ಇವುಗಳಿಂದ ತೂಕ ಹೆಚ್ಚೇನೂ ಇಳಿಯುವುದಿಲ್ಲ.

2.1 ಅಸಿಸ್ಟ್ ಎಂಬ ಅಂಕಿಯನ್ನು ಎತ್ತಿ ತೋರಿಸಿ, ಇಷ್ಟು ದೊಡ್ಡ ಪಾಸ್‌ಗಾರನ ಲೆಕ್ಕ ಇಷ್ಟೇಕೆ ಎಂದು ಕೇಳುವವರಿಗೆ ಒಂದು ಉತ್ತರ ಬಾಕಿಯಿದೆ. ಮೊದಲ ಋತುವಿನಲ್ಲಿ ಅವನು ಪಂದ್ಯಕ್ಕೆ ಸುಮಾರು 24 ನಿಮಿಷ ಆಡಿದ, 48ರಲ್ಲಿ ಅರ್ಧ. ಅಷ್ಟರಲ್ಲೇ 14.5 ಅಂಕ, 8.1 ರಿಬೌಂಡ್. ತಂಡ ಆಡುತ್ತಿದ್ದುದು ಒಬ್ಬನಿಗೊಬ್ಬ ಎಂಬ ಆ ಕಾಲದ ಆಟವನ್ನೇ. ಸೆಂಟರ್ ಗೆರೆಗೆ ಬಂದು ಚೆಂಡು ಎತ್ತಿ ಹಿಡಿದಾಗ ನುಗ್ಗುವವರು ಇಲ್ಲದಿದ್ದರೆ ಅಸಿಸ್ಟ್ ಎಲ್ಲಿಂದ ಬರಬೇಕು?

ನುಗ್ಗುವವರು ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ನಿಕೊಲಾ ಯೋಕಿಚ್ ಇದ್ದಾನೆ. 2014ರಲ್ಲಿ 41ನೆಯವನಾಗಿ ಆಯ್ಕೆಯಾದ ಈ ಸರ್ಬಿಯನ್ ಸೆಂಟರ್ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದ, 2023ರಲ್ಲಿ ಡೆನ್ವರ್‌ಗೆ ಪ್ರಶಸ್ತಿ ತಂದ, 2024-25ರಲ್ಲಿ ಅಂಕ, ರಿಬೌಂಡ್, ಅಸಿಸ್ಟ್ ಮೂರರಲ್ಲೂ ಸರಾಸರಿ ಎರಡಂಕಿ ಮುಟ್ಟಿದ ಮೊದಲ ಸೆಂಟರ್ ಎನಿಸಿದ. ಇಂಥ ಆಟವನ್ನು ಹಿಂದೆಂದೂ ಕಂಡಿಲ್ಲ ಎಂದು ವೀಕ್ಷಕ ವಿವರಣೆಯವರು ಕೂಗುತ್ತಾರೆ. ಕಂಡಿಲ್ಲ ನಿಜ, ಏಕೆಂದರೆ ಕಾಣಬೇಕಾದ ಕಾಲದಲ್ಲಿ ಅವರು ಆ ಕಡೆ ನೋಡುತ್ತಿರಲಿಲ್ಲ. ಸಬೋನಿಸ್‌ನ ಮಗ ಡೊಮಾಂಟಸ್ ಕೂಡ ಇದೇ ಗೆರೆಯಲ್ಲಿ ನಿಂತು ಆಡುತ್ತಾನೆ. 2019ರ ಅಕ್ಟೋಬರ್‌ನಲ್ಲಿ ಎನ್‌ಬಿಎ ತಂಡಗಳು ಮೊದಲ ಸಲ ಭಾರತಕ್ಕೆ ಬಂದು ಮುಂಬೈಯಲ್ಲಿ ಆಡಿದಾಗ ಅವನು ಇಂಡಿಯಾನಾ ಪೇಸರ್ಸ್ ತಂಡದಲ್ಲಿದ್ದ.

ಅಪ್ಪ ಪೋರ್ಟ್‌ಲ್ಯಾಂಡ್ ಮುಗಿಸಿ ಊರಿಗೆ ಮರಳಿ, 2003-04ರಲ್ಲಿ ಝಲ್ಗಿರಿಸ್ ಪರ ಕೊನೆಯ ದೊಡ್ಡ ಋತು ಆಡಿದ. ಮೂವತ್ತೊಂಬತ್ತರ ವಯಸ್ಸಿಗೆ ಯುರೋಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂತು. ಜಗತ್ತಿನ ಹತ್ತು ಶ್ರೇಷ್ಠ ಸೆಂಟರ್‌ಗಳ ಹೆಸರು ಬರೆಯುವವರು ಅವನನ್ನು ಆ ಹತ್ತರಲ್ಲಿ ಬರೆಯಬೇಕು. ಬರೆಯಲಾರೆವೆಂದರೆ ತಲೆಬರಹದಿಂದ ‘ಜಗತ್ತಿನ’ ಎಂಬುದನ್ನು ತೆಗೆಯಬೇಕು. ಓದುಗರಲ್ಲಿ ಒಂದು ಕೋರಿಕೆ: ಸಬೋನಿಸ್‌ನ ಪೋರ್ಟ್‌ಲ್ಯಾಂಡ್ ದೃಶ್ಯಗಳನ್ನು ಮೊದಲು ನೋಡಬೇಡಿ. 1986ರ ಮ್ಯಾಡ್ರಿಡ್ ಸೆಮಿಫೈನಲ್ ನೋಡಿ, ಆಮೇಲೆ 1988ರ ಸೋಲ್ ನೋಡಿ, ಎನ್‌ಬಿಎ ಕೊನೆಗಿರಲಿ.