ಶ್ರುತಿ ಸೇರಿಸುವ ಹತ್ತು ನಿಮಿಷ

ಶಾಲೆ ಕಾಲೇಜುಗಳಲ್ಲಿ ನಡೆಯುವ ಸಂಗೀತ ಪ್ರಾತ್ಯಕ್ಷಿಕೆಗಳ ಬಗ್ಗೆ ನಮ್ಮಲ್ಲಿ ಒಳ್ಳೆಯ ಮಾತಷ್ಟೇ ಅಚ್ಚಾಗುತ್ತದೆ. ಮಕ್ಕಳು ತನ್ಮಯರಾಗಿ ಕೇಳಿದರು, ಕಲಾವಿದರು ಸರಳವಾಗಿ ವಿವರಿಸಿದರು, ಸಭಾಂಗಣ ತುಂಬಿತ್ತು. ದೆಹಲಿ ಐಐಟಿಯ ಪ್ರಾಧ್ಯಾಪಕ ಕಿರಣ್ ಸೇಠ್ 1977ರಲ್ಲಿ ಸ್ಪಿಕ್ ಮೆಕೆ ಆರಂಭಿಸಿದ ಮೇಲೆ ಈ ಪ್ರಕಾರಕ್ಕೆ ದೇಶದುದ್ದಕ್ಕೂ ಒಂದು ಚೌಕಟ್ಟು ಸಿಕ್ಕಿತು, ಗೌರವವೂ ಸಿಕ್ಕಿತು. ಆ ಗೌರವ ಸುಮ್ಮನೆ ಬಂದದ್ದಲ್ಲ. ಟಿಕೆಟ್ಟಿಲ್ಲದೆ, ಸ್ವಯಂಸೇವಕರ ದುಡಿಮೆಯ ಮೇಲೆ, ದೊಡ್ಡ ಕಲಾವಿದರನ್ನು ಹಾಸ್ಟೆಲ್ ಹುಡುಗರ ಎದುರು ಕೂರಿಸಿದ ಕೆಲಸವನ್ನು ನಾನು ಹಗುರವಾಗಿ ಕಾಣುವವನಲ್ಲ. ನನ್ನ ತಕರಾರು ಯಾವುದೇ ಸಂಸ್ಥೆಯ ಮೇಲಲ್ಲ, ಒಂದೂವರೆ ಗಂಟೆಯ ಪ್ರಾತ್ಯಕ್ಷಿಕೆ ಈಗ ಎಲ್ಲೆಡೆ ತಳೆದಿರುವ ರೂಪದ ಮೇಲೆ. ಅದು ವಿದ್ಯಾರ್ಥಿಗಳಿಗೆ ರಾಗದ ಹೆಸರುಗಳನ್ನು ಪರಿಚಯಿಸುತ್ತದೆ. ಸಂಗೀತವನ್ನೇ ನಂಬಿ ಬದುಕುವವರನ್ನೂ ಅವರ ವಾದ್ಯಗಳನ್ನೂ ಪರಿಚಯಿಸುವುದಿಲ್ಲ.

ಆ ರೂಪ ಓದುಗರಿಗೆ ಗೊತ್ತೇ ಇದೆ. ಪ್ರಾರ್ಥನೆ, ಸ್ವಾಗತ, ಒಂದು ರಾಗದ ಆರೋಹಣ ಅವರೋಹಣ, ಎಲ್ಲರೂ ಸೇರಿ ಆದಿತಾಳದ ಎಣಿಕೆ, ಚಿಕ್ಕದೊಂದು ತನಿ, ವಂದನಾರ್ಪಣೆ. ನಡುವೆ ಎಲ್ಲರೂ ಮೆಚ್ಚುವ ಒಂದು ಘಟ್ಟ ಬರುತ್ತದೆ: ಗಾಯಕರು ರಾಗದ ನಾಲ್ಕು ಸಂಗತಿ ಹಾಡಿ, 'ಇದೇ ರಾಗದ ಚಿತ್ರಗೀತೆ ಯಾವುದು ಹೇಳಿ' ಎನ್ನುತ್ತಾರೆ. ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ, ಸಭೆಯಲ್ಲಿ ನಗು, ಚಪ್ಪಾಳೆ. ಪ್ರಾತ್ಯಕ್ಷಿಕೆ ಗೆದ್ದಿತೆಂದು ವರದಿಗಾರರು ಬರೆಯುವುದು ಈ ಕ್ಷಣವನ್ನು ಕಂಡೇ. ನನ್ನ ಮಟ್ಟಿಗೆ ಅದು ಸೋಲುವುದೂ ಇಲ್ಲಿಯೇ. ಹಾಗೆ ಕೂಗಿದ ಹುಡುಗಿಗೆ ಚಿತ್ರಗೀತೆ ಮೊದಲೇ ಗೊತ್ತಿತ್ತು. ರಾಗದ ಹೆಸರು ಹೊಸದಾಗಿ ಸಿಕ್ಕಿತು, ಹೊಸದಾಗಿ ಏನೂ ಕೇಳಿಸಲಿಲ್ಲ. ಉತ್ತರ ಹೊಳೆದ ಕೂಡಲೇ ಕಿವಿ ಕೆಲಸ ನಿಲ್ಲಿಸುತ್ತದೆ. ಮುಂದಿನ ಹತ್ತು ನಿಮಿಷದ ಆಲಾಪನೆಯಲ್ಲಿ ಅವಳು ಹುಡುಕುವುದು ಇನ್ನೊಂದು ಚಿತ್ರಗೀತೆಯನ್ನು.

ಹಾಗಾದರೆ ಏನು ತೋರಿಸಬೇಕು? ನಾನೇ ಕಂಡ ಒಂದು ಸಂಜೆಯನ್ನು ವಿವರವಾಗಿ ಹೇಳುತ್ತೇನೆ. ಕರಾವಳಿಯ ಒಂದು ಕಾಲೇಜು, ಜುಲೈ ತಿಂಗಳು, ಹೊರಗೆ ಬಿಡದ ಮಳೆ. ಗಾಯಕಿಯದು ಐದೂವರೆ ಮನೆ ಶ್ರುತಿ. ಪರದೆಯ ಹಿಂದೆಯೇ ಎಲ್ಲ ಸಿದ್ಧ ಮಾಡಿಕೊಂಡು ಬಂದಿದ್ದರೂ ವೇದಿಕೆಗೆ ಬರುವಷ್ಟರಲ್ಲಿ ಮೃದಂಗ ಇಳಿದುಹೋಗಿತ್ತು. ತೇವ ಕುಡಿದ ಚರ್ಮ ಸಡಿಲವಾಗುತ್ತದೆ, ಸಡಿಲವಾದರೆ ನಾದ ಇಳಿಯುತ್ತದೆ. ವಾದಕರು ಚೀಲದಿಂದ ಒಂದು ಕಲ್ಲನ್ನೂ ಗೇಣುದ್ದಕ್ಕೂ ಕಡಿಮೆಯ ಮರದ ಕಡ್ಡಿಯನ್ನೂ ತೆಗೆದರು. ಬಲಮುಖದ ಅಂಚಿನ ಹೆಣಿಗೆಯ ಮೇಲೆ ಕಡ್ಡಿಯಿಟ್ಟು ಕಲ್ಲಿನಿಂದ ಕೆಳಮುಖವಾಗಿ ತಟ್ಟಿದರು, ಮೀಟಿ ಕೇಳಿದರು. ಬಾರು ಹಾದುಹೋಗುವ ಹದಿನಾರು ಕಣ್ಣುಗಳ ಸುತ್ತ ಒಂದೊಂದನ್ನೇ ತಿರುಗಿಸುತ್ತ, ತಟ್ಟುತ್ತ, ಕೇಳುತ್ತ ಹೋದರು. ಒಂದು ಕಡೆ ಏರಿ ಹೋಯಿತು. ಹೆಣಿಗೆಯ ಅಡಿಯಿಂದ ಮೇಲಕ್ಕೆ ತಟ್ಟಿ ಇಳಿಸಿದರು. ಸಂಘಟಕರು ಮುಜುಗರದಿಂದ ಮೈಕು ಹಿಡಿದು ಕಲಾವಿದರ ಪ್ರಶಸ್ತಿಗಳ ಪಟ್ಟಿ ಓದಲು ನಿಂತರು.

ಮುಂದಿನ ಸಾಲಿನ ಆರೇಳು ಹುಡುಗರು ಆ ಪಟ್ಟಿಯನ್ನು ಕೇಳುತ್ತಿರಲಿಲ್ಲ. ಒಬ್ಬ ಅರ್ಧ ಎದ್ದು ನಿಂತಿದ್ದ. ಎರಡು ತಟ್ಟುಗಳ ನಡುವೆ ನಾದ ಕೂದಲೆಳೆಯಷ್ಟು ಮೇಲೇರುವುದನ್ನು ಅವನು ಕೇಳುತ್ತಿದ್ದ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಕೊನೆಯ ಕಣ್ಣು ಕೂಡಿಕೊಂಡು, ಬಲಮುಖ ಸುತ್ತಲೂ ಒಂದೇ ಷಡ್ಜವಾಗಿ ನುಡಿದು, ತಂಬೂರಿಯ ನಾದದೊಳಗೆ ಮೃದಂಗ ಬೆರೆತುಹೋದಾಗ ಆ ಹುಡುಗ ಪಕ್ಕದವನ ತೋಳು ಹಿಡಿದ. ಶ್ರುತಿ ಎಂದರೇನು ಎಂಬ ಪ್ರಶ್ನೆಗೆ ಅಂದು ಸಂಜೆ ವೇದಿಕೆಯಿಂದ ಮೂರು ಸಲ ಉತ್ತರ ಬಂತು. ಅವನಿಗೆ ಸಿಕ್ಕ ಉತ್ತರ ಇದೊಂದೇ.

ಆ ಹತ್ತು ನಿಮಿಷದಲ್ಲಿ ಏನೇನಿತ್ತು ನೋಡಿ. ಬಲಮುಖದ ನಡುವಿನ ಕಪ್ಪು ಲೇಪ, ಕರಣೆ, ಅನ್ನದ ಅಂಟಿನಲ್ಲಿ ಕರಿಯ ಕಲ್ಲಿನ ಪುಡಿ ಕಲಸಿ ಪದರ ಪದರವಾಗಿ ತಿಕ್ಕಿ ಕೂರಿಸಿದ್ದು. ಬರಿಯ ಚರ್ಮವನ್ನು ಬಿಗಿದು ಬಡಿದರೆ ಸದ್ದು ಬರುತ್ತದೆ, ಸ್ವರ ಬರುವುದಿಲ್ಲ. ಅದರ ಉಪನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಭಾರ ಕೂರಿಸಿದಾಗ ಅವು ತಂತಿಯ ಉಪನಾದಗಳಂತೆ ಸರಿಯಾದ ಅನುಪಾತಕ್ಕೆ ಬರುತ್ತವೆ. ಇದನ್ನು ಭೌತಶಾಸ್ತ್ರದ ಭಾಷೆಯಲ್ಲಿ ತೋರಿಸಿದವರು ಸಿ. ವಿ. ರಾಮನ್. 1920ರಲ್ಲೇ ಬರೆದಿದ್ದರು, ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಬಗ್ಗೆ ಮತ್ತೆ ಬರೆದರು. ಇಂಜಿನಿಯರಿಂಗ್ ಕಾಲೇಜಿನ ಪ್ರಾತ್ಯಕ್ಷಿಕೆಯಲ್ಲೂ ಈ ಮಾತು ಬಂದದ್ದನ್ನು ನಾನು ಕೇಳಿಲ್ಲ. ಎಡಮುಖಕ್ಕೆ ಹಚ್ಚುವ ಒದ್ದೆ ರವೆಯ ಮುದ್ದೆಯೂ ಅದೇ ಪಾಠ: ಚಿಟಿಕೆ ರವೆ ಹೆಚ್ಚಾದರೆ ನಾದ ಇಳಿಯುತ್ತದೆ, ತೆಗೆದರೆ ಏರುತ್ತದೆ. ಅದನ್ನು ಮಕ್ಕಳ ಎದುರೇ ಹಚ್ಚಬಹುದು, ಮಗುವಿನ ಕೈಯಿಂದಲೇ ಹಚ್ಚಿಸಬಹುದು.

ತಂಬೂರಿಯ ಕಥೆ ಇನ್ನೂ ದುಃಖದ್ದು. ಸ್ವತಃ ಕೊಳಲು ವಾದಕರಾದ ಜಿ. ರಾಜನಾರಾಯಣ್ ಬೆಂಗಳೂರಿನಲ್ಲಿ 1970ರ ದಶಕದ ಕೊನೆಯಲ್ಲಿ ರೂಪಿಸಿದ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಸಾವಿರಾರು ಜನರ ಮನೆಪಾಠಕ್ಕೆ ಆಸರೆಯಾಯಿತು. ಊರೂರು ತಿರುಗುವ ಕಲಾವಿದರಿಗೆ ದೊಡ್ಡ ಹೊರೆ ತಪ್ಪಿಸಿತು. ಆದರೆ ಪ್ರಾತ್ಯಕ್ಷಿಕೆಗೂ ಅದನ್ನೇ, ಈಗೀಗ ಮೊಬೈಲಿನ ಆ್ಯಪನ್ನೇ ತಂದರೆ ವಿದ್ಯಾರ್ಥಿ ಕಾಣುವುದಾದರೂ ಏನನ್ನು? ನಿಜವಾದ ತಂಬೂರಿಯಲ್ಲಿ ಕಾಣಲು ಎಷ್ಟಿದೆ: ನಾಲ್ಕು ತಂತಿ, ಬಿರಡೆ, ಕುದುರೆಯ ಮೇಲೆ ತಂತಿಯ ಅಡಿಗೆ ತೂರಿಸುವ ಒಂದು ಹತ್ತಿಯ ಎಳೆ. ಆ ಎಳೆಯನ್ನು ಕೂದಲಿನಷ್ಟು ಸರಿಸಿದರೆ ಮೊಂಡಾಗಿದ್ದ ತಂತಿ ಝೇಂಕರಿಸತೊಡಗುತ್ತದೆ. ದಾರದ ತುಂಡಿನಿಂದ ನಾದಕ್ಕೆ ಜೀವ ಬರುವುದನ್ನು ಹನ್ನೆರಡು ವರ್ಷದ ಮಗುವಿಗೆ ತೋರಿಸಿದರೆ ಸಾಕು, ಅದರ ಮೇಲೆ ಭಾಷಣ ಬೇಡ. ಪಿಟೀಲಿನ ಆಕಾರದಲ್ಲೇ ಚೌಡಯ್ಯ ಸ್ಮಾರಕ ಭವನ ಕಟ್ಟಿದ ಬೆಂಗಳೂರಿನಲ್ಲಿ, ಕಮಾನಿನ ಕುದುರೆಕೂದಲಿಗೆ ರಾಳ ತಿಕ್ಕುವುದನ್ನು ಹತ್ತಿರದಿಂದ ಕಂಡ ಮಕ್ಕಳು ಎಷ್ಟು ಮಂದಿ?

ಈ ಮಾತನ್ನು ಒಂದು ಗೋಷ್ಠಿಯಲ್ಲಿ ಆಡಿದಾಗ ಹಿರಿಯ ವಿಮರ್ಶಕರೊಬ್ಬರು ಖಂಡಿಸಿದರು. ಪರದೆ ಏಳುವಾಗ ಶ್ರುತಿ ಸೇರಿರಬೇಕು, ವೇದಿಕೆಯ ಮೇಲೆ ಕಲ್ಲು ಹಿಡಿದು ತಟ್ಟುವುದು ಕೇಳುಗರಿಗೆ ತೋರುವ ಅಗೌರವ ಎಂಬುದು ಅವರ ವಾದ. ಸಭೆಯ ಕಛೇರಿಗೆ ಈ ನಿಯಮ ಒಪ್ಪುತ್ತೇನೆ. ಆದರೆ ಪ್ರಾತ್ಯಕ್ಷಿಕೆ ಕಛೇರಿಯಲ್ಲ. ಅಡುಗೆ ಕಲಿಯಲು ಬಂದವರಿಗೆ ಬಾಳೆ ಎಲೆ ಹಾಕಿ ಬಡಿಸಿ ಕಳಿಸುವುದನ್ನು ಯಾರೂ ಪಾಠ ಎನ್ನುವುದಿಲ್ಲ. ಇಂದಿನ ಮಕ್ಕಳಿಗೆ ತಾಳ್ಮೆಯಿಲ್ಲ ಎಂಬುದು ಇನ್ನೊಬ್ಬರ ವಾದ. ಈ ಮಾತು ಎಷ್ಟು ಸಲ ಬರೆಯಲ್ಪಟ್ಟಿದೆಯೆಂದರೆ ಅದನ್ನು ಪರೀಕ್ಷಿಸುವ ಗೋಜಿಗೇ ಯಾರೂ ಹೋಗುವುದಿಲ್ಲ. ಸೈಕಲ್ಲಿನ ಚೈನು ಕಳಚಿ ಮತ್ತೆ ಕೂರಿಸಲು ಇಡೀ ಮಧ್ಯಾಹ್ನ ಕಳೆಯುವ ಹುಡುಗನಿಗೆ ತಾಳ್ಮೆಯಿಲ್ಲವೆ? ಕೈಗೆ ಕೆಲಸವಿದ್ದಲ್ಲಿ ಮಕ್ಕಳ ತಾಳ್ಮೆ ನಮ್ಮದಕ್ಕಿಂತ ಹೆಚ್ಚು. ಅವರು ಬೇಸರಗೊಳ್ಳುವುದು ಪ್ರಶಸ್ತಿಗಳ ಪಟ್ಟಿಗೆ.

ನಾನು ಒಪ್ಪಲಾರದ ಮೂರನೆಯ ಮಾತೊಂದಿದೆ, ಅದು ಗಂಭೀರವಾದದ್ದು. ಅದೇ ಮಳೆಗಾಲದ ಸಂಜೆ ಹುಡುಗಿಯೊಬ್ಬಳು ಎದ್ದು, 'ಸರ್, ಇದು ಯಾವ ಚರ್ಮ?' ಎಂದು ಕೇಳಿದಳು. ನಿರೂಪಕರು 'ಅದೆಲ್ಲ ಈಗ ಬೇಡಮ್ಮ, ಸಂಗೀತದ ಬಗ್ಗೆ ಕೇಳು' ಎಂದರು. ಹಲಸಿನ ಮರದ ಬಗ್ಗೆ ಆಗಷ್ಟೇ ಐದು ನಿಮಿಷ ಮಾತಾಡಿದ್ದರು. ಮರದ ಮಾತು ಸಂಗೀತ, ಚರ್ಮದ ಮಾತು ಸಂಗೀತವಲ್ಲ ಎಂಬುದು ಎಲ್ಲಿಯ ನ್ಯಾಯ? ಹಸು, ಎಮ್ಮೆ, ಆಡು, ಮೂರರ ಚರ್ಮವೂ ಆ ವಾದ್ಯದಲ್ಲಿದೆ. ಆ ಹುಡುಗಿ ಕೇಳಿದ್ದು ಅಂದಿನ ಅತ್ಯುತ್ತಮ ಪ್ರಶ್ನೆ.

ಗಾಯಕ ಟಿ. ಎಂ. ಕೃಷ್ಣ ಅವರ ಪುಸ್ತಕ 'ಸೆಬಾಸ್ಟಿಯನ್ ಅಂಡ್ ಸನ್ಸ್' 2020ರಲ್ಲಿ ಬಂದಾಗ ಮೃದಂಗ ತಯಾರಕರ ಕುಟುಂಬಗಳ, ಅವರಲ್ಲಿ ಬಹುಪಾಲು ದಲಿತ ಕ್ರೈಸ್ತರ, ಕಥೆ ಮೊದಲ ಬಾರಿಗೆ ದೊಡ್ಡ ಓದುಗ ವರ್ಗವನ್ನು ತಲುಪಿತು. ಚೆನ್ನೈನ ಕಲಾಕ್ಷೇತ್ರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಹಿಂತೆಗೆದುಕೊಂಡಿತು. ಸಮಾರಂಭ ಬೇರೆ ಕಡೆ ನಡೆಯಿತು. ಆಗ ನಮ್ಮಲ್ಲೂ ಕೆಲವರು, ನಾದದ ವಿಚಾರಕ್ಕೆ ಜಾತಿಯ ವಿಚಾರ ಏಕೆ ತರಬೇಕು ಎಂದರು. ತಂದವರು ಯಾರೂ ಇಲ್ಲ, ಅದು ಬಾರಿನ ಬಿಗಿಯಲ್ಲೇ ಇತ್ತು. ಪಾಲಕ್ಕಾಡ್ ಮಣಿ ಅಯ್ಯರ್ ಅವರ ಮೃದಂಗದ ನಾದವನ್ನು ಕೊಂಡಾಡುವವರು ಅವರಿಗೆ ವಾದ್ಯ ಮಾಡಿಕೊಟ್ಟ ಪರ್ಲಾಂದು ಅವರ ಕೈಯನ್ನೂ ಕೊಂಡಾಡಬೇಕು. ವಾದಕ ಕೇಳಿದ ನಾದವನ್ನು ಹಸಿ ಚರ್ಮದಲ್ಲಿ ಹುಡುಕಿ ತೆಗೆಯುವ ಕಿವಿ ಸಂಗೀತಗಾರನ ಕಿವಿಯೇ. ಕೃಷ್ಣ ಅವರ ಎಲ್ಲ ನಿಲುವುಗಳನ್ನೂ ಒಪ್ಪದವರು ಇಷ್ಟನ್ನು ಒಪ್ಪಲು ಅಡ್ಡಿಯೇನಿದೆ?

ಅಂದು ಕಾರ್ಯಕ್ರಮ ಮುಗಿದ ಮೇಲೆ ಮೃದಂಗದವರು ಎಡಮುಖದ ರವೆಯನ್ನು ಕೆರೆದು ತೆಗೆಯುತ್ತಿದ್ದರು. ಅರ್ಧ ಎದ್ದು ನಿಂತಿದ್ದ ಹುಡುಗ, ಚರ್ಮದ ಪ್ರಶ್ನೆ ಕೇಳಿದ ಹುಡುಗಿ, ಇನ್ನೂ ನಾಲ್ಕೈದು ಮಂದಿ ಸುತ್ತ ನಿಂತರು. ವಾದಕರು ಕಲ್ಲನ್ನು ಹುಡುಗಿಯ ಕೈಗೆ ಕೊಟ್ಟು, 'ಮೆಲ್ಲಗೆ ತಟ್ಟು ಮಗಳೇ, ಕೇಳುತ್ತ ತಟ್ಟು' ಎಂದರು. ಚರ್ಮ ಎಲ್ಲೆಲ್ಲಿಯದು, ಯಾರ ಬಳಿ ಮುಚ್ಚಿಗೆ ಕಟ್ಟಿಸುತ್ತಾರೆ, ಎಷ್ಟು ಕಛೇರಿಗೊಮ್ಮೆ ಕಟ್ಟಿಸಬೇಕು, ಎಲ್ಲ ಹೇಳಿದರು. ಜವಾನ ಬಂದು ದೀಪ ಆರಿಸುವವರೆಗೆ ಮಾತು ನಡೆಯಿತು.

ಮುಂದಿನ ವರ್ಷ ಪ್ರಾತ್ಯಕ್ಷಿಕೆ ಏರ್ಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ವಾದ್ಯಗಳು ಶ್ರುತಿ ಸೇರದೆಯೇ ವೇದಿಕೆಗೆ ಬರಲಿ. ಮಕ್ಕಳನ್ನು ಕುರ್ಚಿಗಳಿಂದ ಇಳಿಸಿ ಜಮಖಾನದ ಮೇಲೆ, ಬಿರಡೆ ತಿರುಗುವುದು ಕಾಣುವಷ್ಟು ಹತ್ತಿರ ಕೂರಿಸಿ. ಮೃದಂಗಕ್ಕೆ ಮುಚ್ಚಿಗೆ ಕಟ್ಟುವವರನ್ನೂ ಕರೆಸಿ, ಅವರ ಉಳಿ, ಬಾರು, ಕರಣೆಯ ಪುಡಿಯ ಸಮೇತ. ಅವರಿಗೂ ಸಂಭಾವನೆ ಕೊಡಿ, ಆಹ್ವಾನಪತ್ರಿಕೆಯಲ್ಲಿ ಗಾಯಕರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅವರ ಹೆಸರನ್ನೂ ಅಚ್ಚು ಮಾಡಿಸಿ.